ಪ್ರೊಜೆಕ್ಟರಿನ ಗುಂಡಿ, ತೂತು, ರಿಮೋಟಿನ ಹಿಂದಿನ ಕಥಿ

ಮಿಕ್ಸರು, ಕುಕ್ಕರು, ಗ್ಯಾಸು, ವಾಷಿಂಗ್ ಮಶೀನು, ಇವೆಲ್ಲಾ ಒಂದೊಂದಾಗಿ ಮನಿಗೆ ಬಂದಾಗ ನಾವು ಯಾರನ್ನೂ ಕಾಯಲಿಲ್ಲ. ಎರಡು ದಿನ ಹೊಂದಾಡಿ ಮೂರನೇ ದಿನ ಕೈಗೆ ಹಚ್ಚಿಕೊಂಡ್ವಿ. ಆದ್ರ ಪ್ರೊಜೆಕ್ಟರ್ ಅಂದ ಕೂಡ್ಲೆ ಯಾಕೋ ಒಂದು ಹೆಜ್ಜಿ ಹಿಂದ ಸರೀತೀವಿ. "ಅದು ಹುಡುಗೂರ ಕೆಲಸ, ಮುಟ್ಟಬ್ಯಾಡ್ರಿ, ಕೆಟ್ಟೀತು" ಅಂತ ಯಾರರೆ ಅಂತಾರ, ನಾವೂ ಕೈ ಹಿಂದ ತಗೋತೀವಿ. ಅದರ ಬೆನ್ನಿಗಿರೋ ಹತ್ತು ಹನ್ನೆರಡು ತೂತು, ರಿಮೋಟಿನ ಮ್ಯಾಲಿನ ಮೂವತ್ತು ಗುಂಡಿ ನೋಡಿದ್ರ ತಲಿ ತಿರಗತದ, ಖರೆ. ಆದ್ರ ನಾನು ಓದಿ ತಿಳಕೊಂಡದ್ದು ಏನಂದ್ರ, ಆ ಒಂದೊಂದು ಗುಂಡಿ, ಒಂದೊಂದು ತೂತು ಯಾವುದೋ ಕಾಲದಾಗ ಯಾರಿಗೋ ಬಂದ ತೊಂದರಿಗೆ ಹುಡುಕಿದ ಉತ್ತರ. ತೊಂದರಿ ಏನಿತ್ತು ಅಂತ ಗೊತ್ತಾದ್ರ ಗುಂಡಿ ತಾನ ನೆನಪಿರತದ. ಬಾಯಿಪಾಠ ಮಾಡೂದು ಬ್ಯಾಡ. ಅದಕ್ಕ ಇವತ್ತು ಹಿಂದಿನಿಂದ ಹೇಳಿಕೋತ ಬರತೀನಿ.

ಮೊದಲ ಮುಂದಿನ ಕಣ್ಣು, ಅಂದ್ರ ಮಸೂರ. ಪ್ರೊಜೆಕ್ಟರಿನ ವಂಶದ ಹಿರಿಯ 1659ರಾಗ ಹುಟ್ಟಿದ. ನೆದರ್‌ಲ್ಯಾಂಡ್ಸ್ ದೇಶದ ಕ್ರಿಸ್ಟಿಯಾನ್ ಹೈಗೆನ್ಸ್ ಅನ್ನೋ ದೊಡ್ಡ ವಿಜ್ಞಾನಿ, ಶನಿ ಗ್ರಹದ ಸುತ್ತ ಉಂಗುರ ಅದ ಅಂತ ಹೇಳಿದವರು, ಲೋಲಕದ ಗಡಿಯಾರ ಮಾಡಿದವರು, ಅವರ ಇದನ್ನೂ ಮಾಡಿದ್ರು. ಒಂದು ಡಬ್ಬಿ, ಒಳಗ ದೀಪ, ದೀಪದ ಮುಂದ ಬಣ್ಣದ ಚಿತ್ರ ಬರದ ಗಾಜು, ಅದರ ಮುಂದ ಮಸೂರ, ಇಷ್ಟ. ಗೋಡಿ ಮ್ಯಾಲ ಚಿತ್ರ ದೊಡ್ಡದಾಗಿ ಬೀಳ್ತಿತ್ತು. ಅದಕ್ಕ ಮುಂದ ಮಾಯಾದೀಪ, ಮ್ಯಾಜಿಕ್ ಲ್ಯಾಂಟರ್ನ್ ಅಂತ ಹೆಸರಾತು. ಹೈಗೆನ್ಸರು ಬರದಿಟ್ಟ ಚಿತ್ರದೊಳಗ ಒಂದು ಎಲುಬಿನ ಹಂದರ ತನ್ನ ತಲಿ ತಾನ ತಗದು ಕೈಯಾಗ ಹಿಡಕೊಂಡು ಕುಣೀತದ! 1662ರಾಗ ಅವರ ಅಪ್ಪ ಇದನ್ನ ಫ್ರಾನ್ಸಿನ ರಾಜನ ಅರಮನಿಯಾಗ ತೋರಸಬೇಕು ಅಂದ್ರು. ಮಗನಿಗೆ ಸಂಕೋಚ. ಇಂಥಾ ಆಟಿಗಿ ಸಾಮಾನಿನಿಂದ ಮನಿತನದ ಹೆಸರು ಹಗುರಾಗ್ತದ ಅಂತ ಅನಿಸಿ, "ಒಂದು ಮಸೂರ ಸುಮ್ನ ತಗದಿಡು, ಯಂತ್ರ ನಡೀಬಾರದು" ಅನ್ನೋ ಅರ್ಥದಾಗ ತಮ್ಮನಿಗೆ ಕಾಗದ ಬರದ್ರಂತ. ಇವತ್ತು ದೊಡ್ಡ ದೊಡ್ಡ ಸಭಾದಾಗ ಮೆರಿಯೋ ಯಂತ್ರವನ್ನ ಹಡದವರ ಬಚ್ಚಿಡಲಿಕ್ಕೆ ನೋಡಿದ್ರು.

ಮಸೂರದ ಒಂದು ಗುಣ ಅಂದ್ರ ಚಿತ್ರವನ್ನ ತಲಿಕೆಳಗ ಮಾಡಿ ಗೋಡಿಗೆ ಬೀಳಸ್ತದ. ಅದಕ್ಕ ಮಾಯಾದೀಪದವರು ಗಾಜಿನ ಚಿತ್ರವನ್ನ ಮೊದಲ ತಲಿಕೆಳಗ ಮಾಡಿ ಸಿಗಸ್ತಿದ್ರು. ನಮ್ಮ ಡಿಜಿಟಲ್ ಪ್ರೊಜೆಕ್ಟರ್ ಈ ಕೆಲಸ ತಾನ ಮಾಡಿಕೋತದ. ಆದ್ರ ಅದನ್ನ ಛತ್ತಿಗೆ ತಲಿಕೆಳಗ ಜೋತು ಬಿಟ್ರ ಚಿತ್ರ ಹೊಳ್ಳಿ ಉಲ್ಟಾ ಆಗ್ತದ. ಮೆನುದಾಗ "ಸೀಲಿಂಗ್" ಅಂತ ಇರೋದು ಅದಕ್ಕ. ಯಾರರೆ ತಪ್ಪಿ ಅದನ್ನ ಒತ್ತಿದ್ರ ಟೇಬಲ್ ಮ್ಯಾಲಿಟ್ಟ ಪ್ರೊಜೆಕ್ಟರಿನ್ಯಾಗ ಸ್ವಾಮಿಗಳು ತಲಿಕೆಳಗ ಪ್ರವಚನ ಹೇಳಲಿಕ್ಕೆ ಶುರು ಮಾಡತಾರ. ಯಂತ್ರ ಕೆಟ್ಟಿಲ್ಲ. ಮೆನುಕ್ಕ ಹೋಗಿ "ಫ್ರಂಟ್" ಅಂತ ಮಾಡಿದ್ರ ಸರಿ ಆತು.

ಅದರ ಬಾಜೂಕ "ರಿಯರ್" ಅಂತ ಇನ್ನೊಂದು ಇರತದ. ಅದರ ಹಿಂದ ದೆವ್ವದ ಕಥಿ ಅದ. 1790ರ ದಶಕದ ಕೊನೀಗೆ ಪ್ಯಾರಿಸ್ಸಿನ್ಯಾಗ ರಾಬರ್ಟ್‌ಸನ್ ಅಂತ ಹೆಸರಿಟ್ಟುಕೊಂಡ ಬೆಲ್ಜಿಯಂ ದೇಶದವನೊಬ್ಬ ದೆವ್ವದ ಆಟ ತೋರಸ್ತಿದ್ದ. ಜನರಿಗೆ ಯಂತ್ರ ಕಾಣಬಾರದು ಅಂತ ಮಾಯಾದೀಪವನ್ನ ಪಡದೆಯ ಹಿಂದ ಬಚ್ಚಿಟ್ಟ. ಹಿಂದಿನಿಂದ ಬಿಟ್ರ ಮುಂದ ಕೂತವರಿಗೆ ಎಡಾ ಬಲಾ ಅದಲು ಬದಲಾಗಿ ಕಾಣಸ್ತದ, ಅಕ್ಷರ ಇದ್ರ ಕನ್ನಡಿಯೊಳಗಿನ ಹಂಗ ಆಗ್ತಾವ. ಆ ಅದಲು ಬದಲು ಸರಿ ಮಾಡೋದ ರಿಯರ್. ಇದೂ ತಿಳೀದ ಒತ್ತಿದಾಗ ಭಜನಿ ಸಾಲು ಓದಲಿಕ್ಕೆ ಬರದ ಹಂಗ ಆಗ್ತದ.

ಆ ರಾಬರ್ಟ್‌ಸನ್ ಇನ್ನೊಂದು ಉಪಾಯ ಮಾಡಿದ. ಮಾಯಾದೀಪಕ್ಕ ಗಾಲಿ ಹಚ್ಚಿದ. ಪಡದೆಯಿಂದ ದೂರ ಜಗ್ಗಿದ್ರ ದೆವ್ವ ದೊಡ್ಡದಾಗಿ ಮೈಮ್ಯಾಲ ಬಂದಂಗ ಕಾಣ್ತಿತ್ತು, ಸಮೀಪ ತಂದ್ರ ಸಣ್ಣದಾಗ್ತಿತ್ತು. ಆದ್ರ ದೂರ ಬದಲಾದಾಗೆಲ್ಲಾ ಚಿತ್ರ ಮಬ್ಬಾಗ್ತದ, ಹಂಗಾಗಿ ಕೂಡ್ಲೆ ಮಸೂರ ಸರಿಸಬೇಕಾಗ್ತಿತ್ತು. ನಮ್ಮ ಪ್ರೊಜೆಕ್ಟರಿನ ಮಸೂರದ ಸುತ್ತ ಎರಡು ಉಂಗುರ ಇರತಾವಲ್ಲ, ಅವು ಇವೇ ಎರಡು ಕೆಲಸದವು. ಒಂದು ಜೂಮ್, ಚಿತ್ರ ಸಣ್ಣ ದೊಡ್ಡ ಮಾಡೋದು. ಇನ್ನೊಂದು ಫೋಕಸ್, ಮಬ್ಬು ಹೋಗಿಸಿ ಚೊಕ್ಕ ಮಾಡೋದು. ಮೊದಲ ಜೂಮ್, ಆಮ್ಯಾಲ ಫೋಕಸ್. ರಂಗೋಲಿ ಹಾಕುವಾಗ ಮೊದಲ ಚುಕ್ಕಿ ಇಟ್ಟು ಆಮ್ಯಾಲ ಗೆರಿ ಎಳದಂಗ. ಸಣ್ಣ ಅಗ್ಗದ ಪ್ರೊಜೆಕ್ಟರಿಗೆ ಒಂದೇ ಉಂಗುರ ಇದ್ರ ಅದು ಫೋಕಸ್. ಅಂಥಾದ್ದನ್ನ ರಾಬರ್ಟ್‌ಸನ್ನನ ಹಂಗ ಹಿಂದ ಮುಂದ ಸರಿಸೇ ಚಿತ್ರದ ಅಳತಿ ಹೊಂದಿಸಬೇಕು.

ಇದೆಲ್ಲಾ ಪರದೇಶದ ಮಾತು ಅಂತ ಅನಕೋಬ್ಯಾಡ್ರಿ. 1890ರ ದಶಕದಾಗ ನಮ್ಮ ಬಾಜೂಕಿನ ಮಹಾರಾಷ್ಟ್ರದ ಕಲ್ಯಾಣದಾಗ ಮಹಾದೇವ ಗೋಪಾಳ ಪಟವರ್ಧನ ಅನ್ನೋರು, ಅವರ ಮಕ್ಕಳು ಕೂಡಿ ಮಾಯಾದೀಪದ ಆಟ ತೋರಸ್ತಿದ್ರು. ಅದಕ್ಕ ಶಾಂಬರಿಕ ಖರೋಲಿಕಾ ಅಂತ ಹೆಸರು. ಗಾಜಿನ ಮ್ಯಾಲ ಕೈಲೇ ಬರದ ರಾಮಾಯಣದಂಥಾ ಪುರಾಣ ಕಥಿ, ಜೋಡಿಗೆ ಮಾತು, ಹಾಡು. ಲೂಮಿಯೇರ್ ಸಹೋದರರ ಚಲಿಸೋ ಚಿತ್ರ ಮುಂಬಯಿಯ ವಾಟ್ಸನ್ ಹೋಟೆಲಿನ್ಯಾಗ ಮೊದಲ ಸಲ ತೋರಿಸಿದ್ದು 1896ರ ಜುಲೈ 7ಕ್ಕ. ಅದಕ್ಕೂ ಮೊದಲ ಜನಾ ಬೆಳಕಿನ ಚಿತ್ರ ನೋಡಿದ್ರು.

ಈಗ ದೀಪದ ಮಾತು. ಹೈಗೆನ್ಸರ ಕಾಲದಾಗ ಎಣ್ಣಿ ದೀಪ, ಮೇಣದ ಬತ್ತಿ. ಮಸಕು ಬೆಳಕು, ಮ್ಯಾಲ ಹೊಗಿ. 1820ರ ದಶಕದಾಗ ಒಂದು ಹೊಸಾ ಬೆಳಕು ಬಂತು. ಎಲಿ ಅಡಕಿ ಜೋಡಿ ನಾವು ಹಚ್ಚಿಕೊಳ್ಳೋ ಸುಣ್ಣ ಅದಲ್ಲ, ಅದರ ಜಾತಿಯ ಗಟ್ಟಿ ಸುಣ್ಣದ ತುಂಡನ್ನ ಆಮ್ಲಜನಕ, ಜಲಜನಕದ ಉರಿಯೊಳಗ ಕಾಯಿಸಿದ್ರ ಕಣ್ಣು ಕುಕ್ಕುವಂಥ ಬಿಳೀ ಬೆಳಕು ಬರತದ. ಅದಕ್ಕ ಲೈಮ್‌ಲೈಟ್ ಅಂದ್ರು. ನಾಟಕದ ಮಂದಿ ಅದರ ಬೆಳಕಿನ್ಯಾಗ ನಿಲ್ಲತಿದ್ರು. "ಲೈಮ್‌ಲೈಟಿನ್ಯಾಗ ಇದ್ದಾರ" ಅಂತ ಈಗ ಪೇಪರಿನವರು ಬರಿಯೋ ಮಾತು ಆ ಸುಣ್ಣದಿಂದ ಬಂದದ್ದು.

ಡಿಜಿಟಲ್ ಪ್ರೊಜೆಕ್ಟರಿಗೆ ತಕ್ಕ ದೀಪ ಬಂದದ್ದು 1995ರಾಗ, ಫಿಲಿಪ್ಸ್ ಕಂಪನಿಯಿಂದ. ಸಣ್ಣ ಗಾಜಿನ ಗುಳ್ಳಿ, ಒಳಗ ಪಾದರಸ. ಉರಿಯುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಸುಮಾರು 200 ಪಟ್ಟು ಇರತದ. ನಮ್ಮ ಕುಕ್ಕರಿನ್ಯಾಗ ಸೀಟಿ ಹೊಡಿಯುವಾಗ ಇರೋದು ಸುಮಾರು ಎರಡು ಪಟ್ಟು ಅಷ್ಟ. ಇದನ್ನ ತಿಳಕೊಂಡ್ರ ಪವರ್ ಗುಂಡಿಯ ಗುಟ್ಟು ತಿಳಿತು. ಬಂದ್ ಮಾಡುವಾಗ ಅದು "ಖರೇನ ಬಂದ್ ಮಾಡ್ಲ್ಯಾ?" ಅಂತ ಕೇಳತದ, ಎರಡನೇ ಸಲ ಒತ್ತಬೇಕು. ದೀಪ ಆರಿದ ಮ್ಯಾಲೂ ಫ್ಯಾನ್ ಒಂದೆರಡು ನಿಮಿಷ ತಿರಗತದ. ಅದು ಕುಕ್ಕರ್ ಆರಲಿಕ್ಕೆ ಬಿಟ್ಟಂಗ. ಫ್ಯಾನ್ ನಿಲ್ಲೂ ತನಕ ಗೋಡಿಯ ಪ್ಲಗ್ ಕೀಳಬ್ಯಾಡ್ರಿ, ಚೀಲದಾಗ ತುಂಬಬ್ಯಾಡ್ರಿ. ದೀಪದ ಆಯುಷ್ಯ ಕಡಿಮಿ ಆಗ್ತದ, ಹೊಸಾ ದೀಪಕ್ಕ ರೊಕ್ಕ ಭಾಳ. ಎಲ್‌ಇಡಿ ಇಲ್ಲಾ ಲೇಸರ್ ದೀಪದ ಹೊಸಾ ಪ್ರೊಜೆಕ್ಟರಿಗೆ ಇಷ್ಟು ಕಾಳಜಿ ಬ್ಯಾಡ, ಆದ್ರ ಗಾಳಿ ಆಡೋ ಜಾಳಗಿಗೆ ಮಾತ್ರ ಅಡ್ಡ ಏನೂ ಇಡಬಾರದು.

ಕೀಸ್ಟೋನ್ ಅನ್ನೋ ಗುಂಡಿ ಭಾಳ ಮಂದಿಗೆ ಒಗಟು. ಕಲ್ಲಿನ ಕಮಾನು ಕಟ್ಟುವಾಗ ನಟ್ಟ ನಡುವ ಮ್ಯಾಲ ಒಂದು ಕಲ್ಲು ಕೂಡಸ್ತಾರ, ಮ್ಯಾಲ ಅಗಲ, ಕೆಳಗ ಸಣ್ಣ. ಆ ಕಲ್ಲಿನ ಹೆಸರು ಕೀಸ್ಟೋನ್. ಪ್ರೊಜೆಕ್ಟರನ್ನ ಕೆಳಗಿಟ್ಟು ಮೂತಿ ಮ್ಯಾಲ ಎತ್ತಿದ್ರ ಗೋಡಿ ಮ್ಯಾಲಿನ ಚಿತ್ರ ಥೇಟ್ ಆ ಕಲ್ಲಿನ ಆಕಾರ ಆಗ್ತದ. ಮಾಯಾದೀಪದವರಿಗೂ ಇದ ತೊಂದರಿ ಇತ್ತು. ಅವರು ಪಡದೆಯ ಮ್ಯಾಲಿನ ಅಂಚನ್ನ ಸ್ವಲ್ಪ ಮುಂದ ಬಾಗಿಸಿ ಸರಿ ಮಾಡತಿದ್ರು. ನಮ್ಮದು ಗುಂಡಿ ಒತ್ತಿದ್ರ ಚಿತ್ರವನ್ನ ಒಳಗಿಂದೊಳಗ ಹಿಂಡಿ ಚೌಕ ಮಾಡತದ. ಹಿಂಡೋದ್ರಿಂದ ಅಕ್ಷರದ ಚೊಕ್ಕತನ ಸ್ವಲ್ಪ ಹೋಗ್ತದ. ಅದಕ್ಕ ಮೊದಲ ಎತ್ತರದ ಸ್ಟೂಲ್ ಮ್ಯಾಲ ನೆಟ್ಟಗ ಇಟ್ಟು ನೋಡ್ರಿ, ಉಳಿದ ಸೊಟ್ಟಕ್ಕ ಮಾತ್ರ ಕೀಸ್ಟೋನ್ ಒತ್ರಿ.

ಗಾಜಿನ ಚಿತ್ರದ ಜಾಗಾದಾಗ ಈಗ ಒಳಗ ಏನದ? ಎರಡು ಪದ್ಧತಿ. ಒಂದು ಎಲ್‌ಸಿಡಿ, ಬೆಳಕು ಹಾಯೋ ಸಣ್ಣ ಸಣ್ಣ ಕಿಡಕಿಗಳು. ಜಪಾನಿನ ಎಪ್ಸನ್ ಕಂಪನಿ ಇಂಥಾ ಸಣ್ಣ ಪ್ರೊಜೆಕ್ಟರನ್ನ 1989ರಾಗ ತಂತು. ಕೆಂಪು, ಹಸರು, ನೀಲಿಗೆ ಬ್ಯಾರೆ ಬ್ಯಾರೆ ಮೂರು ಫಲಕ. ಇನ್ನೊಂದು ಡಿಎಲ್‌ಪಿ. ಅಮೆರಿಕಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಾಗ ಇದರ ಚಿಪ್ ಮಾಡಿದ್ರು. ಉಗುರಿನಷ್ಟು ಜಾಗಾದಾಗ ಲಕ್ಷಗಟ್ಟಲೆ ಕನ್ನಡಿ, ಒಂದೊಂದೂ ತಲಿಗೂದಲ ದಪ್ಪಕ್ಕಿಂತ ಸಣ್ಣ. ಫುಲ್ ಎಚ್‌ಡಿ ಚಿತ್ರದಾಗ ಅಡ್ಡಕ್ಕ 1920, ಉದ್ದಕ್ಕ 1080 ಚುಕ್ಕಿ. ಗುಣಿಸಿದ್ರ 20 ಲಕ್ಷದ ಮ್ಯಾಲ ಚುಕ್ಕಿ ಆಗ್ತಾವ. ಸಾವಿರ ಚುಕ್ಕಿ ರಂಗೋಲಿಗೇ ನಮ್ಮ ನಡಾ ಹಿಡೀತದ! ಈ ಕೆಲಸಕ್ಕ ಹಾರ್ನ್‌ಬೆಕ್ ಅವರಿಗೆ 2015ರಾಗ ಆಸ್ಕರ್ ಸಮಿತಿಯ ಪ್ರಶಸ್ತಿ ಬಂತು.

ಬರ್ರಿ, ಇನ್ನ ಬೆನ್ನಿಗೆ ಹೋಗೋಣ.

ಎಲ್ಲಾಕ್ಕಿಂತ ಹಳೇ ಮನಿತನದ್ದು ಸಣ್ಣ ದುಂಡನೆ ತೂತು, "ಆಡಿಯೋ" ಅಂತ ಬರದಿರತದ. ಫೋನಿನ ಹೆಡ್‌ಫೋನ್ ಸಿಗಸ್ತಿದ್ದೆವಲ್ಲ, ಅದ. ಇದರ ಮೂಲ 1878ರ ಟೆಲಿಫೋನ್ ಎಕ್ಸ್‌ಚೇಂಜು. ಅಲ್ಲೆ ಎದುರಿಗೆ ಸಾಲು ಸಾಲು ತೂತಿನ ಹಲಗಿ. ಒಬ್ಬರ ಮನಿಯಿಂದ ಇನ್ನೊಬ್ಬರ ಮನಿಗೆ ಮಾತು ಕೂಡಸಬೇಕಂದ್ರ ವಾಯರಿನ ಪಿನ್ನು ಕಿತ್ತು ಇನ್ನೊಂದು ತೂತಿಗೆ ಸಿಗಸಬೇಕು. ಮೊದಲ ಈ ಕೆಲಸಕ್ಕ ಹುಡುಗೂರನ್ನ ಇಟ್ಟಿದ್ರು. ಅವರು ಗಿರಾಕಿಗಳಿಗೆ ಒರಟು ಮಾತಾಡತಿದ್ರು, ಚ್ಯಾಷ್ಟಿ ಮಾಡತಿದ್ರು. 1878ರ ಸೆಪ್ಟೆಂಬರ್ 1ಕ್ಕ ಅಮೆರಿಕಾದ ಬೋಸ್ಟನ್ ಊರಾಗ ಎಮ್ಮಾ ನಟ್ ಅನ್ನೋ ಹೆಣ್ಣಮಗಳನ್ನ ಕೆಲಸಕ್ಕ ತಗೊಂಡ್ರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆಕಿ. ಅದ ದಿನ ಆಕಿಯ ಒಡಹುಟ್ಟಿದ ಸ್ಟೆಲ್ಲಾನೂ ಸೇರಿದ್ಲು. ಆಮ್ಯಾಲ ಆ ಕೆಲಸ ಹೆಣ್ಣಮಕ್ಕಳದ ಆಗಿಹೋತು. ನಮ್ಮಲ್ಲೂ ಟ್ರಂಕ್ ಕಾಲ್ ಹಚ್ಚಿ ಕೊಡತಿದ್ದ ದನಿಗಳು ನೆನಪಿರಬೇಕಲ್ಲ ನಿಮಗ? ಆ ಪಿನ್ನಿನ ಸಣ್ಣ ರೂಪನ ಪ್ರೊಜೆಕ್ಟರಿನ ಈ ತೂತಿಗೆ ಹೊಂದೋದು. ಯಾವ ವಾಯರ್ ಯಾವ ತೂತಿಗೆ ಅಂತ ನೋಡಿ ಸಿಗಸೋದು ಹೆಂಗಸರಿಗೆ ಬರದ ವಿದ್ಯೆ ಅಂತ ಯಾರರೆ ಅಂದ್ರ ಎಮ್ಮಾನ ಹೆಸರು ಹೇಳ್ರಿ. ಇಷ್ಟು ನೆನಪಿಡ್ರಿ, "ಆಡಿಯೋ ಇನ್" ಅಂದ್ರ ದನಿ ಒಳಗ ಬರೋದು, "ಆಡಿಯೋ ಔಟ್" ಅಂದ್ರ ಹೊರಗಿನ ಸ್ಪೀಕರಿಗೆ ಹೋಗೋದು.

ಆಮ್ಯಾಲ ಹಳದಿ, ಕೆಂಪು, ಬಿಳಿ ಮೂರು ದುಂಡನೆ ತೂತು. ಇದು ಆರ್‌ಸಿಎ ಜ್ಯಾಕ್. ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕಾ ಅನ್ನೋ ಕಂಪನಿಯ ಮೊದಲ ಅಕ್ಷರ. 1930ರ ದಶಕದಾಗ ಗ್ರಾಮೋಫೋನನ್ನ ರೇಡಿಯೋಕ್ಕ ಕೂಡಸ್ಲಿಕ್ಕೆ ಮಾಡಿದ್ದು. ಮುಂದ ವಿಸಿಆರ್ ಬಂದಾಗ ಇದನ್ನ ಚಿತ್ರಕ್ಕೂ ಬಳಸಿದ್ರು. ಹಳದಿ ಚಿತ್ರಕ್ಕ, ಬಿಳಿ ಎಡಗಡೆ ದನಿಗೆ, ಕೆಂಪು ಬಲಗಡೆ ದನಿಗೆ.

ನೀಲಿ ಬಣ್ಣದ್ದು, ಮೂರು ಸಾಲಿನ್ಯಾಗ 15 ತೂತಿಂದು, ಎರಡೂ ಬಾಜೂ ಸ್ಕ್ರೂ ಇರೋದು ವಿಜಿಎ. 1987ರಾಗ ಐಬಿಎಂ ಕಂಪನಿ ತನ್ನ ಕಂಪ್ಯೂಟರಿಗೆ ಮಾಡಿದ್ದು. ಇದು ಚಿತ್ರವನ್ನಷ್ಟ ಒಯ್ಯತದ, ದನಿ ಒಯ್ಯೂದಿಲ್ಲ. "ಚಿತ್ರ ಬರ್ಲಿಕ್ಹತ್ಯದ, ದನಿ ಇಲ್ಲ" ಅಂತ ಎಷ್ಟು ಕಾರ್ಯಕ್ರಮದಾಗ ಗದ್ದಲ ಆಗಿಲ್ಲ! ವಿಜಿಎ ಹಚ್ಚಿದ್ರ ಆಡಿಯೋ ವಾಯರನ್ನ ಬ್ಯಾರೆ ಹಚ್ಚಬೇಕು, ಅಷ್ಟ ಮಾತು.

ಎರಡು ವಾಯರಿನ ಕಿರಿಕಿರಿ ತಪ್ಪಿಸಲಿಕ್ಕೆ 2002ರ ಕೊನೀಗೆ ಸೋನಿ, ಹಿಟಾಚಿ, ಫಿಲಿಪ್ಸ್, ತೋಷಿಬಾದಂಥಾ ಏಳು ಕಂಪನಿ ಕೂಡಿ ಎಚ್‌ಡಿಎಂಐ ತಂದ್ರು. ಚಪ್ಪಟೆ ತೂತು, ಕೆಳಗಿನ ಎರಡು ಮೂಲಿ ಕತ್ತರಿಸಿದಂಗ. ಒಳಗ 19 ಪಿನ್. ಚಿತ್ರ, ದನಿ ಎರಡೂ ಒಂದರಾಗ. ಮೂಲಿ ನೋಡಿ ಮೆಲ್ಲಕ ಸಿಗಸ್ರಿ, ಜಬರದಸ್ತಿ ಬ್ಯಾಡ.

ಯುಎಸ್‌ಬಿ ನಿಮಗ ಗೊತ್ತ ಅದ, ಪೆನ್‌ಡ್ರೈವ್ ಸಿಗಸೋದು. 1996ರಾಗ ಬಂತು. ಅದನ್ನ ರೂಪಿಸಿದ ಇಂಟೆಲ್ ಕಂಪನಿಯ ತಂಡದ ಮುಂದಾಳು ಅಜಯ್ ಭಟ್, ನಮ್ಮ ದೇಶದವರು, ಬರೋಡಾದಾಗ ಓದಿದವರು. ಪ್ರೊಜೆಕ್ಟರಿನ ಎಲ್ಲಾ ಯುಎಸ್‌ಬಿ ತೂತು ಪೆನ್‌ಡ್ರೈವ್ ಓದೂದಿಲ್ಲ. ಕೆಲವು ಬರೇ ಕರೆಂಟ್ ಕೊಡತಾವ, ಚೌಕಾಗಿ ಇರೋದು ಕಂಪ್ಯೂಟರಿಗೆ ಕೂಡಸ್ಲಿಕ್ಕೆ.

ಕಡೀಕ ರಿಮೋಟು. ಇದರ ಇತಿಹಾಸ ಶಿಕಾಗೋದ ಝೆನಿತ್ ಕಂಪನಿಯೊಳಗ ಅದ. 1950ರಾಗ ಟೀವಿಗೆ ಮೊದಲ ರಿಮೋಟ್ ಮಾಡಿದ್ರು, ಹೆಸರು ಲೇಜಿ ಬೋನ್ಸ್, ಅಂದ್ರ ಮೈಗಳ್ಳ! ಅದಕ್ಕ ಉದ್ದನೆ ವಾಯರು. ನಡುಮನಿಯಾಗ ಮಂದಿ ಅದಕ್ಕ ಎಡವಲಿಕ್ಕೆ ಹತ್ತಿದ್ರು. 1955ರಾಗ ಯೂಜೀನ್ ಪೋಲಿ ಬ್ಯಾಟರಿ ದೀಪದ ಹಂಗ ಬೆಳಕು ಬಿಡೋ ರಿಮೋಟ್ ಮಾಡಿದ್ರು. ಕಿಡಕಿಯಿಂದ ಬಿಸಲು ಬಿದ್ರೂ ಚಾನೆಲ್ ಬದಲಾಗ್ತಿತ್ತು. 1956ರಾಗ ರಾಬರ್ಟ್ ಆಡ್ಲರ್ ದನಿಯ ರಿಮೋಟ್ ಮಾಡಿದ್ರು. ಒಳಗ ಅಲ್ಯುಮಿನಿಯಂ ಸರಳು, ಗುಂಡಿ ಒತ್ತಿದ್ರ ಸಣ್ಣ ಸುತ್ತಿಗಿ ಬಡೀತದ, ಮನುಷಾರ ಕಿವಿಗೆ ಕೇಳದ ದನಿ ಹೊಂಡ್ತದ. ಬ್ಯಾಟರಿನ ಬೇಕಿರಲಿಲ್ಲ. 1980ರ ದಶಕದಾಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ರಿಮೋಟು ಎಲ್ಲಾ ಕಡೆ ಬಂತು. ನಮ್ಮ ಪ್ರೊಜೆಕ್ಟರಿಂದೂ ಅದ. ರಿಮೋಟ್ ನಡೀಲಿಲ್ಲಂದ್ರ ಅದರ ಮೂತಿಯನ್ನ ಫೋನಿನ ಕ್ಯಾಮೆರಾಕ್ಕ ಹಿಡದು ಗುಂಡಿ ಒತ್ರಿ. ಎಷ್ಟೋ ಫೋನಿನ್ಯಾಗ ಮಿಣುಕು ಬೆಳಕು ಕಾಣಸ್ತದ. ಕಂಡ್ರ ರಿಮೋಟ್ ಸರಿ ಅದ, ನೀವು ಹಿಡದ ದಿಕ್ಕು ಸರಿ ಇಲ್ಲ.

ಗುಂಡಿಗಳೊಳಗ ನಾಕು ತಿಳಕೊಂಡ್ರ ಸಾಕು. "ಸೋರ್ಸ್" ಇಲ್ಲಾ "ಇನ್‌ಪುಟ್" ಅಂದ್ರ ಯಾವ ತೂತಿನಿಂದ ಬರೋದನ್ನ ತೋರಸಬೇಕು ಅನ್ನೋದು. "ನೋ ಸಿಗ್ನಲ್" ಅಂತ ನೀಲಿ ಪಡದೆ ಬಂದ್ರ ಹತ್ತರಾಗ ಎಂಟು ಸಲ ಇದನ್ನ ಒತ್ತಿದ್ರ ಕೆಲಸ ಆಗ್ತದ. "ಬ್ಲ್ಯಾಂಕ್" ಇಲ್ಲಾ "ಎ/ವಿ ಮ್ಯೂಟ್" ಅಂದ್ರ ಹಳೇ ಕಾಲದಾಗ ಮಸೂರದ ಮುಂದ ಮುಚ್ಚಳ ಹಿಡೀತಿದ್ದ ಕೆಲಸ, ನಡುವ ಯಾರರೆ ಮಾತಾಡುವಾಗ ಚಿತ್ರ ಮರೆಮಾಡೋದು. "ಫ್ರೀಜ್" ಅಂದ್ರ ಚಿತ್ರ ಇದ್ದಂಗ ನಿಲ್ಲಸೋದು. "ಪೇಜ್ ಅಪ್, ಪೇಜ್ ಡೌನ್" ಅಂದ್ರ ಹಿಂದಿನ ಚಿತ್ರ, ಮುಂದಿನ ಚಿತ್ರ. ಇದು 1961ರಾಗ ಬಂದ ಕೊಡ್ಯಾಕ್ ಕ್ಯಾರೊಸೆಲ್ ಸ್ಲೈಡ್ ಪ್ರೊಜೆಕ್ಟರಿನ ನೆನಪು. ದುಂಡನೆ ತಾಟಿನ್ಯಾಗ 80 ಸ್ಲೈಡ್, ವಾಯರಿನ ರಿಮೋಟಿನಿಂದ ಒಂದು ಮುಂದ, ಒಂದು ಹಿಂದ. ಆ ಕ್ಯಾರೊಸೆಲ್ಲನ್ನ ಕೊಡ್ಯಾಕ್ 2004ರಾಗ ನಿಲ್ಲಿಸ್ತು.

ಈ ನಿಲ್ಲೋ ಮಾತಿಗೇ ನಾನು ಬರಬೇಕಾಗಿತ್ತು. ಹೊಸಾ ಸಣ್ಣ ಪ್ರೊಜೆಕ್ಟರ್ ನೋಡಿದ್ರ ಎಷ್ಟೋ ಯಂತ್ರದ ಬೆನ್ನಿಗೆ ಎಚ್‌ಡಿಎಂಐ, ಯುಎಸ್‌ಬಿ ಎರಡ ಇರತಾವ. ಹಳದಿ ತೂತು ಮಾಯ ಆಗಲಿಕ್ಹತ್ಯದ. ಜಪಾನಿನ ಫುನಾಯ್ ಅನ್ನೋ ಕಂಪನಿ ಕಟ್ಟಕಡೀಕ ಉಳಿದಿತ್ತು, ಅದೂ 2016ರ ಜುಲೈಕ್ಕ ವಿಸಿಆರ್ ಮಾಡೋದು ನಿಲ್ಲಿಸ್ತು. ಆದ್ರ ನಮ್ಮ ನಿಮ್ಮ ಮನಿಯ ಟ್ರಂಕಿನ್ಯಾಗ, ಪತ್ತಲದ ಕೆಳಗ, ಲಗ್ನದ ಕ್ಯಾಸೆಟ್ ಇನ್ನೂ ಅವ. 1980, 90ರ ದಶಕದಾಗ ಲಗ್ನಾ, ಮುಂಜಿವಿ, ಕುಬಸಾ ಆದವರೆಲ್ಲರ ಮನಿಯಾಗೂ ಒಂದಾದ್ರೂ ಇರತದ. ನಮ್ಮ ಅವ್ವನ ಫೋಟೋ ನಾಕೈದು ಅವ, ಆದ್ರ ಆಕಿ ನಡಿಯೋದು, ಬೀಗರಿಗೆ ಚಿರೋಟಿ ಬಡಸ್ತ ನಗೋದು, ಆಕಿ ದನಿ, ಇದೆಲ್ಲಾ ಒಂದೇ ಒಂದು ಕ್ಯಾಸೆಟ್ಟಿನ್ಯಾಗ ಅದ. ಆ ಕ್ಯಾಸೆಟ್ಟಿನಿಂದ ಹೊರಗ ಬರೋ ದಾರಿ ಆ ಹಳದಿ ತೂತು. ಟೇಪಿಗೆ ಬೂಸರ ಹಿಡೀತದ, ವರ್ಷ ಹೋದಂಗ ಚಿತ್ರ ಮಾಸತದ. ಕಾಯಲಿಕ್ಕೆ ವೇಳ್ಯಾ ಇಲ್ಲ.

ಅದಕ್ಕ ನನ್ನ ಮಾತು ಇಷ್ಟ. ಮನ್ಯಾಗ, ಸಾಲ್ಯಾಗ, ಮಹಿಳಾ ಮಂಡಳದಾಗ ಹಳೇ ಪ್ರೊಜೆಕ್ಟರ್ ಇದ್ರ ಹೊಸಾದಕ್ಕ ಅದಲು ಬದಲು ಮಾಡೂಕಿಂತ ಮೊದಲ ಅದರ ಬೆನ್ನು ನೋಡ್ರಿ. ಹಳದಿ ತೂತು ಇದ್ರ ಇಟ್ಟುಕೋರಿ. ಯಾರದರೆ ಮನ್ಯಾಗ ನಡಿಯೋ ವಿಸಿಆರ್ ಇದ್ರ ಕೇಳಿ ತರ್ರಿ, ಹಳದಿ ಕೆಂಪು ಬಿಳಿ ವಾಯರ್ ಸಿಗಸ್ರಿ, ಸೋರ್ಸ್ ಒತ್ತಿ "ವಿಡಿಯೋ" ಅಂತ ಆರಿಸ್ರಿ. ಎಲ್ಲಾರೂ ಕೂಡಿ ಒಂದು ಸಲ ನೋಡ್ರಿ, ಕ್ಯಾಸೆಟ್ಟಿನ್ಯಾಗ ಯಾರ್ಯಾರು ಇದ್ದಾರ ಅಂತ ಹಿರೇರ ಕಡಿಂದ ಕೇಳಿ ಹೆಸರು ಬರದಿಡ್ರಿ. ಆಮ್ಯಾಲ ಫೋಟೋ ಸ್ಟುಡಿಯೋದವರ ಕಡೆ ಕೊಟ್ಟು ಪೆನ್‌ಡ್ರೈವಿಗೆ ಇಳಿಸಿಕೋರಿ. ಹುಡುಗೂರು ದೀಪಾವಳಿಗೆ ಬಂದಾಗ ಮಾಡಿ ಕೊಡತಾರ ಅಂತ ಕಾಯಬ್ಯಾಡ್ರಿ. ರಿಮೋಟು ನಿಮ್ಮ ಕೈಯಾಗ ಇರಲಿ.